ಹನ್ನೆರಡು ಅಡಿ ಓಡುವ ಕಾರು

ನಮ್ಮ ಮನೆಯ ಕಾರು ಹನ್ನೆರಡು ಅಡಿ ಓಡುತ್ತದೆ. ಬಸವೇಶ್ವರನಗರದ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆಯ ಪಕ್ಕದ ಓಣಿಯ ಹಿಂಗೋಡೆಯಿಂದ ಗೇಟಿನವರೆಗೆ, ಕಾರಿನ ಉದ್ದವನ್ನು ಕಳೆದರೆ, ಉಳಿಯುವ ಜಾಗ ಅಷ್ಟೇ. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಚಾಲೂ ಮಾಡಿ, ಗೇಟಿನವರೆಗೆ ತಂದು, ಎಂಜಿನ್ ಬಿಸಿಯಾಗುವಷ್ಟು ಹೊತ್ತು ನಿಲ್ಲಿಸಿ, ಮತ್ತೆ ಹಿಂದಕ್ಕೆ ಒಯ್ಯುತ್ತೇನೆ. ವಾಯುವಿಹಾರಕ್ಕೆ ಹೊರಟ ನೆರೆಯವರು ‘ಏನ್ ಸಾರ್, ಇವತ್ತೂ ಗೇಟಿನವರೆಗೇನಾ?’ ಎಂದು ಕೇಳಿ ಮುಂದೆ ಸಾಗುತ್ತಾರೆ. 2019ರಿಂದ ಇದೇ ಪ್ರಶ್ನೆ, ಇದೇ ಉತ್ತರ. ಕಾರಿನಲ್ಲಿ ದೋಷವೇನೂ ಇಲ್ಲ. ಅದು ಹುಟ್ಟಿದಾಗ ಇದ್ದುದಕ್ಕಿಂತ ಈಗ ಚೆನ್ನಾಗಿ ಓಡಬಲ್ಲದು, ಚೆನ್ನಾಗಿ ನಿಲ್ಲಬಲ್ಲದು. ತೊಂದರೆ ಇರುವುದು ಅಲ್ಲಿಯೇ. ಹುಟ್ಟಿದಾಗ ಇದ್ದಂತೆ ಅದು ಈಗ ಇಲ್ಲ.

ಅದು 1984ರ ಪ್ರೀಮಿಯರ್ ಪದ್ಮಿನಿ. ನಾನದನ್ನು 1994ರಲ್ಲಿ ಎರಡನೆಯ ಕೈಯಿಂದ ಕೊಂಡೆ. ಹನ್ನೆರಡು ವರ್ಷ ಕಚೇರಿಗೆ, ಮದುವೆಮುಂಜಿಗಳಿಗೆ, ಮಗಳ ಶಾಲೆಗೆ ಓಡಿತು. 2006ರಲ್ಲಿ ನಾವು ಹೊಸ ಕಾರು ಕೊಂಡ ಮೇಲೆ ಮೂಲೆಗೆ ಸೇರಿತು. ಗುಜರಿಯವನು ಬಂದು ಬಾಗಿಲನ್ನು ತಟ್ಟಿ ನೋಡಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಅರ್ಥಶಾಸ್ತ್ರ ಓದಿದವನಿಗೆ ಅದರಲ್ಲಿ ಅವಮಾನ ಕಾಣಬಾರದಿತ್ತು; ಮಾರುಕಟ್ಟೆಯ ಬೆಲೆ ಮಾರುಕಟ್ಟೆಯ ಬೆಲೆಯೇ. ಆದರೂ ಅಂದು ಅವನನ್ನು ಬರಿಗೈಯಲ್ಲಿ ಕಳುಹಿಸಿದೆ. 2009ರಲ್ಲಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿ, ಒಂದು ಸ್ಪ್ಯಾನರ್ ಸೆಟ್ಟು ಕೊಂಡು, ಕೆಲಸ ಶುರುಮಾಡಿದೆ.

ನಾನು ಮಾಡಹೊರಟದ್ದಕ್ಕೆ ಅಮೆರಿಕದಲ್ಲಿ ಒಂದು ಹೆಸರಿದೆ: ಹಾಟ್ ರಾಡ್. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗದ ಬೆಲೆಗೆ ಕೊಂಡು, ಮಡ್‌ಗಾರ್ಡು, ಬಾನೆಟ್ಟುಗಳನ್ನು ಕಿತ್ತು ಹಗುರ ಮಾಡಿ, ಎಂಜಿನ್ನನ್ನು ತಿದ್ದಿ, ಮ್ಯೂರಾಕ್ ಎಂಬ ಒಣಗಿದ ಸರೋವರದ ಗಟ್ಟಿ ನೆಲದ ಮೇಲೆ ಓಡಿಸಿ ವೇಗ ಅಳೆಯುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಕೊಟ್ಟಿತು. ಕೆಲವು ವರ್ಷಗಳಲ್ಲಿ ಆ ಎಂಜಿನ್ ಗುಜರಿಗೆ ಬಂದಾಗ ಈ ಹುಡುಗರ ಕೈಗೆ ಸಿಕ್ಕಿತು. ಯುದ್ಧ ಮುಗಿಸಿ ಬಂದ ಸೈನಿಕರು ಅದೇ ಹುಚ್ಚನ್ನು ದೇಶದ ತುಂಬ ಹರಡಿದರು. 1948ರಲ್ಲಿ ಇದಕ್ಕೆಂದೇ ಒಂದು ಮಾಸಪತ್ರಿಕೆ ಹುಟ್ಟಿತು. ರಸ್ತೆಯ ಮೇಲೆ ಪೋಕರಿಗಳೆನಿಸಿದ್ದ ಈ ಹುಡುಗರನ್ನು ಒಂದು ಶಿಸ್ತಿಗೆ ತರಲು 1951ರಲ್ಲಿ ರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಯಿತು. ಅವರನ್ನು ಜೈಲಿಗೆ ಕಳುಹಿಸುವ ಬದಲು ಅವರಿಗೊಂದು ಮೈದಾನ, ಒಂದು ತಪಾಸಣೆ, ಒಂದು ನಿಯಮಾವಳಿ ಕೊಡಲಾಯಿತು. ಇದು ಗಮನಿಸಬೇಕಾದ ಸಂಗತಿ.

ಅವರದು ಸಮೃದ್ಧಿಯ ಕೂಸು. ನಮ್ಮದು ಅಭಾವದ ಕೂಸು. ಅವರು ಬೇರೆಯವರು ಎಸೆದದ್ದನ್ನು ಎತ್ತಿಕೊಂಡರು. ನಮ್ಮಲ್ಲಿ ಯಾರೂ ಏನನ್ನೂ ಎಸೆಯುತ್ತಿರಲಿಲ್ಲ. ಪರ್ಮಿಟ್ ರಾಜ್ಯದ ಕಾಲದಲ್ಲಿ ದೇಶಕ್ಕೆ ಇದ್ದದ್ದು ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಕಾರು, ಮತ್ತು ವರ್ಷಗಟ್ಟಲೆಯ ಸರದಿ. ಬಿಡಿಭಾಗ ಸಿಗದಾಗ ಮೆಕ್ಯಾನಿಕ್ ಅದನ್ನು ತಾನೇ ಮಾಡಿಕೊಳ್ಳುತ್ತಿದ್ದ. ಒಂದರ ಭಾಗ ಇನ್ನೊಂದಕ್ಕೆ ಕೂಡಿಸುತ್ತಿದ್ದ. ಮದ್ರಾಸಿನ ಹೊರಗೆ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ಪಂದ್ಯ ನಡೆಯುತ್ತಿದ್ದಾಗ, ಅಲ್ಲಿ ಗುಡುಗುತ್ತಿದ್ದ ಫಿಯೆಟ್, ಹೆರಾಲ್ಡ್‌ಗಳಲ್ಲಿ ಅನೇಕವು ಸಣ್ಣಪುಟ್ಟ ವರ್ಕ್‌ಷಾಪುಗಳಲ್ಲಿ ತಿದ್ದಿಸಿಕೊಂಡು ಬಂದವು. ಅಷ್ಟೇಕೆ, 1992ರಲ್ಲಿ ಅಂಬಾಸಡರಿನ ಹಳೆಯ ಮೈಯೊಳಗೆ ಜಪಾನಿನ ಇಸುಜು ಕಂಪನಿಯ 1,800 ಸಿಸಿ ಎಂಜಿನ್ ಮತ್ತು ಐದು ಗೇರುಗಳ ಪೆಟ್ಟಿಗೆಯನ್ನು ಕೂಡಿಸಿ ಮಾರಾಟಕ್ಕಿಟ್ಟದ್ದು ಅದರ ತಯಾರಕರೇ. ಸಚಿವರಿಂದ ಹಿಡಿದು ಅಧಿಕಾರಿಗಳವರೆಗೆ ನಾವೆಲ್ಲ ಆ ಕಾರಿನಲ್ಲಿ ಕುಳಿತು ಪ್ರವಾಸ ಮಾಡಿದೆವು. ಕಾರ್ಖಾನೆ ಮಾಡಿದರೆ ಅದು ಹೊಸ ಮಾಡೆಲ್, ಮನೆಯಲ್ಲಿ ಮಾಡಿದರೆ ಅಪರಾಧ.

ನನ್ನ ಕಾರಿಗೂ ಕನ್ನಡನಾಡಿಗೂ ದೂರದ ಒಂದು ನಂಟಿದೆ. 1930ರ ದಶಕದಲ್ಲಿಯೇ ಈ ದೇಶದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ವಿದೇಶ ಸುತ್ತಿದವರು ಸರ್ ಎಂ. ವಿಶ್ವೇಶ್ವರಯ್ಯ. ಅಂದಿನ ಸರ್ಕಾರ ಉತ್ಸಾಹ ತೋರಲಿಲ್ಲ. ಆ ಪ್ರಯತ್ನದಲ್ಲಿ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಇಟಲಿಯ ಫಿಯೆಟ್ 1100 ಅವರ ಕಂಪನಿಯಲ್ಲಿ ಕ್ರಮೇಣ ಪದ್ಮಿನಿಯಾಯಿತು. ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಯಾಗಿ ಅದರ ಕೊನೆಯ ತಲೆಮಾರು ರಸ್ತೆಯಿಂದ ನಿರ್ಗಮಿಸಿದ್ದು 2023ರ ಅಕ್ಟೋಬರಿನಲ್ಲಿ.

ಮೊದಲ ಐದು ವರ್ಷ ಎಂಜಿನ್ನಿನ ತಂಟೆಗೇ ಹೋಗಲಿಲ್ಲ. ತುಕ್ಕು ಎಷ್ಟಿತ್ತೆಂದರೆ ಚಾಲಕನ ಕಾಲಬಳಿಯ ಕಾರ್ಪೆಟ್ಟು ಎತ್ತಿದರೆ ನೆಲ ಕಾಣುತ್ತಿತ್ತು. ವಿಜಯನಗರದ ಒಬ್ಬ ಟಿಂಕರಿಂಗ್ ಮೇಸ್ತ್ರಿ ಭಾನುವಾರಗಳಂದು ಬಂದು ಕೊಳೆತ ತಗಡನ್ನು ಕತ್ತರಿಸಿ, ಹೊಸ ತಗಡಿನ ಪ್ಯಾಚು ಹಾಕಿ ಗ್ಯಾಸ್ ವೆಲ್ಡಿಂಗ್ ಮಾಡುತ್ತಿದ್ದರು. ಅವರು ಬಾರದ ವಾರ ನಾನು ಮರಳುಕಾಗದ ಹಿಡಿದು ಪುಟ್ಟಿ ಉಜ್ಜುತ್ತಿದ್ದೆ. ಸಂಬಳ ಬಂದ ತಿಂಗಳಲ್ಲಿ ಏನಾದರೂ ಕೊಳ್ಳುವುದು, ಮಗಳ ಕಾಲೇಜು ಶುಲ್ಕದ ತಿಂಗಳಲ್ಲಿ ಸುಮ್ಮನಿರುವುದು. ಬಜೆಟ್ ಅಧಿವೇಶನ ನಡೆಯುವ ಕಾಲದಲ್ಲಂತೂ ಕಾರಿನ ಮುಖವನ್ನೇ ನೋಡುತ್ತಿರಲಿಲ್ಲ. 2014ರಲ್ಲಿ ಹಳೆಯ ಎಂಜಿನ್ನಿನಲ್ಲೇ ಓಡಿಸಿಕೊಂಡು ಹೋಗಿ ಮತ್ತೊಮ್ಮೆ ನೋಂದಣಿ ನವೀಕರಿಸಿದೆ. ಪರೀಕ್ಷಿಸಿದ ಇನ್ಸ್‌ಪೆಕ್ಟರು ತಗಡಿನ ಕೆಲಸ ನೋಡಿ ‘ಯಾರು ಮಾಡಿದ್ದು?’ ಎಂದು ಕೇಳಿದಾಗ ಆದ ಸಂತೋಷ, ನನಗೆ ಬಡ್ತಿಯ ಆದೇಶ ಕೈಗೆ ಬಂದಾಗಲೂ ಆಗಿರಲಿಲ್ಲ.

ಪದ್ಮಿನಿಯ ಎಂಜಿನ್ 1,089 ಸಿಸಿಯದು. ಬಡಪಾಯಿ, ಪ್ರಾಮಾಣಿಕ, ಏರಿನಲ್ಲಿ ಏದುಸಿರು ಬಿಡುತ್ತದೆ. ಅದೇ ಕಂಪನಿ 1985ರಲ್ಲಿ ತಂದ 118ಎನ್‌ಇ ಎಂಬ ಕಾರಿನಲ್ಲಿ ನಿಸಾನ್ ವಿನ್ಯಾಸದ 1,171 ಸಿಸಿ ಎಂಜಿನ್ ಇತ್ತು. ಅಂತರ ಬರೀ 82 ಸಿಸಿ. ಶಕ್ತಿಯಲ್ಲಿ ಹೆಚ್ಚಾಗುವುದು ಸುಮಾರು ಹತ್ತು ಕುದುರೆ. ಎರಡೂ ಕಾರುಗಳಲ್ಲಿ ಎಂಜಿನ್ ಉದ್ದುದ್ದ ಕೂರುತ್ತದೆ, ಎರಡರಲ್ಲೂ ಹಿಂದಿನ ಚಕ್ರಗಳೇ ಕಾರನ್ನು ದೂಡುತ್ತವೆ. ಹಳೆಯ ಮೆಕ್ಯಾನಿಕ್ಕುಗಳಿಗೆಲ್ಲ ಈ ಕೂಡಿಕೆ ಗೊತ್ತು. ಶಿವಾಜಿನಗರದ ಗುಜರಿಯಲ್ಲಿ ಹದಿನೆಂಟು ಸಾವಿರ ರೂಪಾಯಿಗೆ ಒಂದು ಎಂಜಿನ್, ಅದರದೇ ಗೇರ್ ಬಾಕ್ಸು ಸಮೇತ ಸಿಕ್ಕಿತು. ಅದನ್ನು ತಂದ ಆಟೊದವರು ಇಳಿಸಲು ಇನ್ನೂರು ರೂಪಾಯಿ ಹೆಚ್ಚಿಗೆ ಕೇಳಿದ್ದೂ ನನ್ನ ಲೆಕ್ಕದ ಪುಸ್ತಕದಲ್ಲಿದೆ.

ಇಲ್ಲಿಂದ ಮುಂದಿನದು ನನ್ನೊಬ್ಬನ ಕೆಲಸವಲ್ಲ. ಕಾಮಾಕ್ಷಿಪಾಳ್ಯದಲ್ಲಿ ಲೇತಿನ ಒಂದು ಸಣ್ಣ ಷೆಡ್ಡಿತ್ತು. ಅದರ ಮಾಲೀಕರು ನನಗಿಂತ ಐದಾರು ವರ್ಷ ಹಿರಿಯರು. 1953ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಎಚ್‌ಎಂಟಿಯಲ್ಲಿ ಕೆಲಸ ಕಲಿತು, ಸ್ವಯಂನಿವೃತ್ತಿಯ ಹಣದಲ್ಲಿ ಎರಡು ಹಳೆಯ ಲೇತು ಹಾಕಿಕೊಂಡಿದ್ದವರು. ರಾಜಾಜಿನಗರದ ಕೈಗಾರಿಕಾ ವಸಾಹತು, ಮಾಗಡಿ ರಸ್ತೆ, ಲಗ್ಗೆರೆ, ಸುಂಕದಕಟ್ಟೆ, ಪೀಣ್ಯ – ಪಶ್ಚಿಮ ಬೆಂಗಳೂರಿನ ಈ ಸಾಲಿನಲ್ಲಿ ಇಂಥವರು ಎಷ್ಟೋ ಮಂದಿ. ಸಾರ್ವಜನಿಕ ಉದ್ದಿಮೆಗಳು ಲಾಭ ಮಾಡಿದವೋ ನಷ್ಟ ಮಾಡಿದವೋ ಎಂದು ನಾವು ಕಡತಗಳಲ್ಲಿ ಬರೆಯುತ್ತಿದ್ದೆವು; ಅವು ಊರಿಗೆ ಕೊಟ್ಟ ಕೈಗಳ ಲೆಕ್ಕಕ್ಕೆ ಯಾವ ಕಡತದಲ್ಲೂ ಶೀರ್ಷಿಕೆ ಇರಲಿಲ್ಲ. ಆ ಹಿರಿಯರು ನನ್ನ ಕಾಗದದ ನಕ್ಷೆ ನೋಡಿ ನಕ್ಕು, ಎಂಜಿನ್ ಕೂರುವ ಬ್ರಾಕೆಟ್ಟುಗಳಿಗೆ ಮೊದಲು ರಟ್ಟಿನಲ್ಲಿ, ಆಮೇಲೆ ಮರದಲ್ಲಿ, ಕೊನೆಗೆ ಉಕ್ಕಿನಲ್ಲಿ ಅಳತೆ ತೆಗೆದರು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಷಾಫ್ಟನ್ನು ಗಿಡ್ಡ ಮಾಡಬೇಕಿತ್ತು. ಅಳತೆ ಕೊಟ್ಟವನು ನಾನು. ಜೋಡಿಸಿ, ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆತ್ತಿ, ಗೇರು ಹಾಕಿದರೆ ಇಡೀ ಕಾರು ಗಣ ಬಂದವರಂತೆ ನಡುಗಿತು. ಕತ್ತರಿಸಿದ ಷಾಫ್ಟು ಬೆಳೆಯುವುದಿಲ್ಲ. ಇನ್ನೊಂದನ್ನು ಹುಡುಕಲು ಏಳು ತಿಂಗಳು ಹಿಡಿಯಿತು. ಹಿರಿಯರು ಬೈಯಲಿಲ್ಲ, ‘ಸ್ವಾಮಿ, ಎರಡು ಸಲ ಅಳೀರಿ, ಒಂದು ಸಲ ಕೊಯ್ಯೋಣ’ ಎಂದರು, ಅಷ್ಟೇ.

ಬ್ರೇಕಿನ ವಿಷಯದಲ್ಲಿ ಅವರು ಮಾತ್ರ ಹಟ ಹಿಡಿದರು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಳೆನೀರು ಹೊಕ್ಕರೆ ಕಾಲಲ್ಲಿ ಪ್ರಾರ್ಥನೆ ಮಾಡಬೇಕು. ಹತ್ತು ಕುದುರೆ ಹೆಚ್ಚಿಗೆ ಕಟ್ಟುವ ಮೊದಲು ನಿಲ್ಲಿಸುವ ದಾರಿ ನೋಡಿ ಎಂದವರು, ಮುಂದಿನ ಚಕ್ರಗಳಿಗೆ ಬೇರೊಂದು ಕಾರಿನ ಡಿಸ್ಕ್ ಬ್ರೇಕು ಕೂಡಿಸುವವರೆಗೆ ಎಂಜಿನ್ನನ್ನು ಒಳಗಿಳಿಸಲು ಬಿಡಲಿಲ್ಲ. 1984ರ ಕಾರಿಗೆ ಸೀಟ್ ಬೆಲ್ಟು ಇರಲಿಲ್ಲ. ನಾಲ್ಕು ಬೆಲ್ಟುಗಳಿಗೆ ಲಂಗರು ಬೆಸೆದೆವು. 2018ರ ದಸರಾ ಆಯುಧಪೂಜೆಯ ದಿನ ಎಂಜಿನ್ ಮೊದಲ ಸಲ ಉಸಿರಾಡಿತು. ಒಂಬತ್ತು ವರ್ಷಗಳ ಒಟ್ಟು ಖರ್ಚು, ಬಣ್ಣವೂ ಸೇರಿ, ಒಂದು ಲಕ್ಷದ ಎಂಬತ್ತಾರು ಸಾವಿರ ರೂಪಾಯಿ. ತಿಂಗಳಿಗೆ ಎರಡು ಸಾವಿರವೂ ಅಲ್ಲ. ಇದಕ್ಕಿಂತ ದುಬಾರಿಯ ಹವ್ಯಾಸಗಳು ನಮ್ಮ ಕ್ಲಬ್ಬುಗಳಲ್ಲಿ ಬೇಕಾದಷ್ಟಿವೆ.

ಇನ್ನು ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲದಲ್ಲಿ ಹೇಳಿದ್ದು ಹೀಗೆ: ನೋಂದಣಿ ಪತ್ರದಲ್ಲಿರುವ ವಿವರಗಳು ತಪ್ಪಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದು – ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಒಪ್ಪಿಗೆ ಪಡೆಯದೆ. ಎಂದರೆ ಬಾಗಿಲು ಮುಚ್ಚಿತ್ತು, ಆದರೆ ಬೀಗ ಹಾಕಿರಲಿಲ್ಲ, ತಟ್ಟಿದರೆ ತೆರೆಯಬಹುದಿತ್ತು. 2000ದಲ್ಲಿ ಬಂದ ತಿದ್ದುಪಡಿ ಬೀಗ ಹಾಕಿತು. ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಯಾವ ಮಾರ್ಪಾಡೂ ಕೂಡದು ಎಂಬುದು ಹೊಸ ನಿಯಮ. ಅದರ ಹಿಂದಿನ ಉದ್ದೇಶ ಕೆಟ್ಟದ್ದಲ್ಲ. ಹೆಚ್ಚಿನ ಸಾಮರ್ಥ್ಯದ ಟೈರು ಹಾಕಿಕೊಂಡು ಮಿತಿಮೀರಿ ಸರಕು ಹೇರುವಂಥ ಚಾಳಿಯನ್ನು ತಡೆಯಬೇಕೆಂಬುದು ತಿದ್ದುಪಡಿಯ ಉದ್ದೇಶಗಳಲ್ಲಿ ಸ್ಪಷ್ಟವಾಗಿತ್ತು. ಲಾರಿಗೆ ಬೀಸಿದ ಬಲೆಯಲ್ಲಿ ಮನೆಯ ಷೆಡ್ಡೂ ಸಿಕ್ಕಿಬಿತ್ತು. ಈ ತಿದ್ದುಪಡಿಯನ್ನು ನಾನು ಓದಿರಲಿಲ್ಲ. ‘ಕೆಲಸ ಮುಗಿದ ಮೇಲೆ ಬರೆದುಕೊಟ್ಟರೆ ಆಯಿತು’ ಎಂಬ ಹಳೆಯ ತಿಳಿವಳಿಕೆಯಲ್ಲೇ ಇದ್ದೆ. ಮೂವತ್ತು ವರ್ಷಕ್ಕೂ ಮೀರಿ ಸರ್ಕಾರಿ ಆದೇಶಗಳ ನಡುವೆ ಬದುಕಿದವನಿಗೆ ಇದು ಕ್ಷಮಿಸಬಹುದಾದ ಅಜ್ಞಾನವಲ್ಲ.

2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ತೀರ್ಪು ನೀಡಿ, ಕೇರಳ ಹೈಕೋರ್ಟಿನ ಉದಾರ ವ್ಯಾಖ್ಯಾನವನ್ನು ತಳ್ಳಿಹಾಕಿತು. 52ನೇ ಕಲಮಿನ ಅರ್ಥ ಅದರ ಮಾತಿನಲ್ಲಿರುವಷ್ಟೇ ಕಟ್ಟುನಿಟ್ಟು ಎಂದು ಸ್ಪಷ್ಟಪಡಿಸಿತು. ಮರುದಿನದ ಪತ್ರಿಕೆಯಲ್ಲಿ ಅದನ್ನೋದಿದಾಗ ನನ್ನ ಕಾರಿಗೆ ಬಣ್ಣ ಇನ್ನೂ ಒಣಗುತ್ತಿತ್ತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುವ 182ಎ ಕಲಂ ಸೇರಿತು. ಅದೇ ವರ್ಷ ನನ್ನ ನೋಂದಣಿಯ ಅವಧಿಯೂ ಮುಗಿಯಿತು. ಎಂಜಿನ್ ಕೆಟ್ಟರೆ ಅನುಮತಿ ಪಡೆದು ಅದೇ ಬಗೆಯ ಎಂಜಿನ್ನನ್ನು ಹಾಕಿಕೊಳ್ಳಬಹುದು. ಅದೇ ಕಂಪನಿಯ, 82 ಸಿಸಿ ಹಿರಿದಾದ ಎಂಜಿನ್ ಹಾಕುವಂತಿಲ್ಲ. ಕಚೇರಿಯೊಂದಕ್ಕೆ ನಾಲ್ಕು ಪುಟದ ಅರ್ಜಿ ಬರೆದೆ. ಬ್ರೇಕಿನ ವಿವರ, ಫೋಟೊ, ಬಿಲ್ಲು ಎಲ್ಲ ಲಗತ್ತಿಸಿದೆ. ಒಂದೂವರೆ ಸಾಲಿನ ಹಿಂಬರಹ ಬಂತು: ಅವಕಾಶವಿಲ್ಲ. ಅದನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಹಳೆಯ ವಾಹನವನ್ನು ಸರ್ಕಾರ ಇಂದು ಎರಡೇ ಕಣ್ಣುಗಳಿಂದ ನೋಡುತ್ತದೆ. ಒಂದು ಕಣ್ಣಿಗೆ ಅದು ಪ್ರದರ್ಶನದ ವಸ್ತು. 2021ರ ಜುಲೈನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ಕಾರು–ಬೈಕುಗಳು ‘ವಿಂಟೇಜ್’ ಎನಿಸುತ್ತವೆ. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ, ‘ವಿಎ’ ಎಂಬ ವಿಶೇಷ ಅಕ್ಷರಗಳ ಸಂಖ್ಯಾಫಲಕ. ರ‍್ಯಾಲಿ, ಪ್ರದರ್ಶನಗಳಿಗೆ ಒಯ್ಯಲು ಅನುಮತಿ. ಇದು ಬೇಕಾದದ್ದೇ. ಧರ್ಮಸ್ಥಳದ ಕಾರು ಸಂಗ್ರಹಾಲಯದ ಮುಂದೆ ನಿಂತು ಕಣ್ಣು ತುಂಬಿಕೊಂಡವನು ನಾನು. ಇನ್ನೊಂದು ಕಣ್ಣಿಗೆ ಹಳೆಯ ವಾಹನ ಬರೀ ಕಬ್ಬಿಣ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ ಆರುನೂರು ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ ಐದು ಸಾವಿರವಾಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಹತ್ತು ಸಾವಿರವಾಯಿತು. ಗುಜರಿಗೆ ಕೊಟ್ಟ ಪ್ರಮಾಣಪತ್ರ ತಂದರೆ ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿ. ಬಂಕಿನಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ತಿನ್ನುತ್ತದೆಯೆಂದು ನಾನು ಎಲ್ಲವನ್ನೂ ಬದಲಾಯಿಸಬೇಕಾಯಿತು.

ಈ ಎರಡು ಕಣ್ಣುಗಳ ನಡುವೆ ಬೀಳುವವನು ಮಧ್ಯಮವರ್ಗದ ಹವ್ಯಾಸಿ. ಮೂಲರೂಪದ ಬಿಡಿಭಾಗಗಳನ್ನು ಹರಾಜಿನಲ್ಲಿ ಕೂಗಿ ಕೊಳ್ಳುವ ಶಕ್ತಿ ಅವನಿಗಿಲ್ಲ. ಸಿಕ್ಕಿದ್ದರಲ್ಲಿ ಕೂಡಿಸಿಕೊಳ್ಳುವ ಜಾಣ್ಮೆ ಮಾತ್ರ ಇದೆ. ಮೂಲವನ್ನು ಕಾಪಾಡುವುದು ಹಣವುಳ್ಳವನ ಸಂಸ್ಕೃತಿಯೆಂದು ಗೌರವಿಸುವ ಕಾನೂನು, ತಿದ್ದಿ ಬಳಸುವುದು ಹಣವಿಲ್ಲದವನ ಸಂಸ್ಕೃತಿ ಎಂಬುದನ್ನು ಮರೆತಿದೆ.

ಸುರಕ್ಷತೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1.68 ಲಕ್ಷ ಮಂದಿ ಸತ್ತರು. ಕರ್ಕಶ ಸೈಲೆನ್ಸರು ಹಾಕಿಕೊಂಡು ನಡುರಾತ್ರಿ ಕಾರ್ಡ್ ರಸ್ತೆಯಲ್ಲಿ ಚೀರುವ ಬೈಕುಗಳಿಂದ ನಿದ್ದೆಗೆಟ್ಟವರಲ್ಲಿ ನಾನೂ ಒಬ್ಬ. ಅಂಥ ಸೈಲೆನ್ಸರುಗಳನ್ನು ರೋಡ್ ರೋಲರಿನ ಕೆಳಗೆ ಹಾಕಿ ಅಪ್ಪಚ್ಚಿ ಮಾಡುವ ಪೊಲೀಸರ ಫೋಟೊ ನೋಡಿ ಒಳಗೊಳಗೇ ಹಿಗ್ಗಿದ್ದೇನೆ. ಕಣ್ಣು ಕುಕ್ಕುವ ದೀಪ, ಚಕ್ರಕ್ಕಿಂತ ಹೊರಚಾಚಿದ ಟೈರು, ಕತ್ತರಿಸಿದ ಸ್ಪ್ರಿಂಗು – ಇವಕ್ಕೆ ದಂಡ ಬೀಳಲಿ. ಆದರೆ ಅದೇ ವರ್ಷದ ಸರ್ಕಾರಿ ಅಂಕಿಅಂಶದಂತೆ ಆ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚಿನವು ಅತಿವೇಗದ ಲೆಕ್ಕಕ್ಕೆ ಸೇರಿದವು. ಷೋರೂಮಿನಿಂದ ಆಗತಾನೆ ಹೊರಬಂದ ವಾಹನಕ್ಕೂ ಅತಿವೇಗ ಸಾಧ್ಯ. ಡ್ರಮ್ ಬ್ರೇಕಿನ, ಬೆಲ್ಟಿಲ್ಲದ 1984ರ ಪದ್ಮಿನಿ ಕಾನೂನಿನ ದೃಷ್ಟಿಯಲ್ಲಿ ರಸ್ತೆಗೆ ಯೋಗ್ಯ. ಡಿಸ್ಕ್ ಬ್ರೇಕಿನ, ಬೆಲ್ಟುಳ್ಳ ಅದೇ ಕಾರು ಅಯೋಗ್ಯ. ಈ ನಿಯಮ ಅಳೆಯುತ್ತಿರುವುದು ಕಾರನ್ನಲ್ಲ, ಕಾಗದವನ್ನು. ಹೊಗೆಯ ಪ್ರಶ್ನೆಯೂ ಇದೆ. ಕಾರ್ಬ್ಯುರೇಟರಿನ ಹಳೆಯ ಎಂಜಿನ್ ಕಿಲೋಮೀಟರಿಗೆ ಹೆಚ್ಚು ಹೊಗೆ ಉಗುಳುತ್ತದೆ, ನಿಜ. ತಿಂಗಳಿಗೆ ನೂರು ಕಿಲೋಮೀಟರು ಓಡುವ ಹವ್ಯಾಸದ ಕಾರಿಗೆ ಕಿಲೋಮೀಟರಿನ ಮಿತಿ ಹಾಕಿ, ಒಪ್ಪುತ್ತೇವೆ.

ಬಿಡಿ ವಾಹನವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ನಮ್ಮ ಕಾನೂನಿಗೆ ಹೊಸದಲ್ಲ. ಅಂಗವಿಕಲರ ಅನುಕೂಲಕ್ಕಾಗಿ ವಾಹನವನ್ನು ಮಾರ್ಪಡಿಸಿಕೊಂಡರೆ ಪ್ರಾಧಿಕಾರ ಅದನ್ನು ಒಪ್ಪಬಹುದೆಂದು ಅದೇ 52ನೇ ಕಲಮಿನಲ್ಲಿದೆ. ಪೆಟ್ರೋಲಿನಿಂದ ಅನಿಲಕ್ಕೆ ಬದಲಾಯಿಸಲು ಅವಕಾಶವಿದೆ. ಬೆಂಗಳೂರಿನ ಆಟೊಗಳು ಎಲ್‌ಪಿಜಿಗೆ ತಿರುಗಿದ್ದು ಹಾಗೆಯೇ. ಅನುಮೋದಿತ ಕಿಟ್ಟು ಹಾಕಿಸಿ ಹಳೆಯ ಕಾರನ್ನು ವಿದ್ಯುತ್ ಕಾರನ್ನಾಗಿಯೂ ಮಾಡಬಹುದು. ಒಂದು ಪೂರ್ತಿ ಎಂಜಿನ್ ಕಿತ್ತು ಮೋಟಾರು, ಬ್ಯಾಟರಿ ಕೂಡಿಸುವುದು ಸುರಕ್ಷಿತವಾಗಿ ಆಗಬಹುದಾದರೆ, 82 ಸಿಸಿಯ ಹೆಚ್ಚಳವನ್ನು ಪರೀಕ್ಷಿಸಲಾಗದು ಎಂಬ ವಾದ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ವಾಹನವನ್ನೂ ಸರ್ಕಾರಿ ಕೇಂದ್ರಕ್ಕೆ ಒಯ್ದು ಬ್ರೇಕು, ದೀಪ, ಹೊಗೆ, ಬೆಲ್ಟುಗಳ ಪರೀಕ್ಷೆ ಮಾಡಿಸಿ ಅನುಮೋದನೆ ಪಡೆಯುವ ವ್ಯವಸ್ಥೆ ಇದೆ. ವಾಯುಮಾಲಿನ್ಯದ ವಿಷಯದಲ್ಲಿ ಅತಿ ಕಠಿಣವೆನಿಸಿದ ಕ್ಯಾಲಿಫೋರ್ನಿಯಾ ಕೂಡ ಇಂಥ ಸ್ವಂತ ತಯಾರಿಕೆಯ ಕಾರುಗಳಿಗೆಂದು ವರ್ಷಕ್ಕೆ 500 ವಿಶೇಷ ನೋಂದಣಿಗಳನ್ನು ಮೀಸಲಿಟ್ಟಿದೆ. ಮೊದಲು ಬಂದವರಿಗೆ ಮೊದಲು.

ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2000ಕ್ಕೆ ಮೊದಲಿದ್ದ ಬಾಗಿಲನ್ನು ಈ ಹವ್ಯಾಸಿಗಳ ಮಟ್ಟಿಗಾದರೂ ಮತ್ತೆ ತೆರೆಯಬೇಕು. ಕೆಲಸಕ್ಕೆ ಕೈಹಾಕುವ ಮೊದಲೇ ನಕ್ಷೆ ಸಲ್ಲಿಸಲಿ, ಮುಗಿದ ಮೇಲೆ ದೇಶದಾದ್ಯಂತ ಬರುತ್ತಿರುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಲ್ಲಿ ಬ್ರೇಕು, ಹೊಗೆ, ಸದ್ದು ಅಳೆಯಲಿ, ತಪ್ಪಿದರೆ ತಿರಸ್ಕರಿಸಲಿ. ಬಾಡಿಗೆ ಓಡಿಸಬಾರದು, ವಿಮೆಯಲ್ಲಿ ಮಾರ್ಪಾಡು ನಮೂದಾಗಿರಬೇಕು. ವಿಮೆಯ ವಿಷಯವನ್ನು ಒತ್ತಿ ಹೇಳುತ್ತೇನೆ. ನಾನು ಗೇಟು ದಾಟದಿರುವುದಕ್ಕೆ ಪೊಲೀಸರ ಹೆದರಿಕೆಗಿಂತ ಅದೇ ದೊಡ್ಡ ಕಾರಣ. ನನ್ನ ಕಾರು ಯಾರಿಗಾದರೂ ತಾಗಿ, ಮಾರ್ಪಾಡಿನ ನೆಪದಲ್ಲಿ ಅವರ ಪರಿಹಾರ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೊಳೆತರೆ, ಆ ಪಾಪವನ್ನು ಯಾವ ಹವ್ಯಾಸವೂ ತೊಳೆಯಲಾರದು. ಶುಲ್ಕ ಇಪ್ಪತ್ತು ಸಾವಿರವೇ ಇರಲಿ. ರಾಜ್ಯಕ್ಕೆ ವರ್ಷಕ್ಕೆ ನೂರು ನೋಂದಣಿ ಎಂದರೂ ಸಾಕು. ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಬೆಂಗಳೂರಿಗೆ ಅದು ಹೊರೆಯೇನಲ್ಲ.

ನೂರು ಕಾರುಗಳಿಗಾಗಿ ಇಷ್ಟು ಮಾತೇ ಎಂದು ಕೇಳುವವರಿದ್ದಾರೆ. ಕಾಮಾಕ್ಷಿಪಾಳ್ಯದ ಆ ಷೆಡ್ಡು ಈಗಿಲ್ಲ. ಕೊರೊನಾದ ಮೊದಲ ವರ್ಷ ಕೆಲಸ ನಿಂತಾಗ ಹಿರಿಯರು ಲೇತುಗಳನ್ನು ಮಾರಿದರು, ತೂಕದ ಲೆಕ್ಕದಲ್ಲಿಯೇ. ಅವರ ಮಗ ಸಾಫ್ಟ್‌ವೇರಿನಲ್ಲಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಟಿಂಕರಿಂಗ್ ಮೇಸ್ತ್ರಿ ಊರಿಗೆ ಹೋದವರು ಮರಳಲಿಲ್ಲ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಈಗ ಯಾರೂ ಏನನ್ನೂ ರಿಪೇರಿ ಮಾಡುವುದಿಲ್ಲ. ಕಂಪ್ಯೂಟರು ತೋರಿಸಿದ ಭಾಗವನ್ನು ಕಿತ್ತು, ಡಬ್ಬಿಯಿಂದ ಹೊಸದನ್ನು ತೆಗೆದು ಹಾಕುತ್ತಾರೆ. ನನ್ನ ಬೀದಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮೂರನೆಯ ವರ್ಷದ ಮೆಕ್ಯಾನಿಕಲ್ ಓದುತ್ತಿದ್ದರೂ ಕ್ಲಚ್ ಪ್ಲೇಟನ್ನು ಮೊದಲ ಸಲ ಮುಟ್ಟಿ ನೋಡಿದ್ದು ನಮ್ಮ ಮನೆಯ ಓಣಿಯಲ್ಲಿ. ಈಗ ಭಾನುವಾರ ಬೆಳಿಗ್ಗೆ ಅವನೂ ಬರುತ್ತಾನೆ. ಬಂದವನು ಮೊದಲು ಕೈ ಕಪ್ಪು ಮಾಡಿಕೊಳ್ಳಲು ಹಿಂಜರಿಯುತ್ತಿದ್ದ. ಕಳೆದ ತಿಂಗಳು ಕಾರ್ಬ್ಯುರೇಟರನ್ನು ತಾನೇ ಬಿಚ್ಚಿ, ಜೆಟ್ಟುಗಳನ್ನು ತೊಳೆದು ಜೋಡಿಸಿದ. ಎರಡು ಸ್ಕ್ರೂ ಉಳಿದವು. ಮತ್ತೆ ಬಿಚ್ಚಿದೆವು.

ಮಾರ್ಪಾಡಿಗೆ ಕಾದು ಆರು ವರ್ಷ ಕಳೆದಿವೆ. ಅರವತ್ತೈದು ದಾಟಿದವನು ಇನ್ನೆಷ್ಟು ಕಾಯಬಹುದು? ಹಳೆಯ 1,089 ಸಿಸಿ ಎಂಜಿನ್ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಕುಳಿತಿದೆ. ಅದನ್ನು ಮತ್ತೆ ಕಾರಿಗೆ ಏರಿಸಿ, ಡಿಸ್ಕ್ ಬ್ರೇಕು ಕಳಚಿ ಡ್ರಮ್ಮುಗಳನ್ನು ಹಾಕಿ, ಹತ್ತು ಸಾವಿರ ಕಟ್ಟಿ ನವೀಕರಣಕ್ಕೆ ಒಯ್ಯುವುದೆಂದು ತೀರ್ಮಾನಿಸಿದ್ದೇನೆ. ಬೆಲ್ಟುಗಳನ್ನು ಮಾತ್ರ ಬಿಚ್ಚುವುದಿಲ್ಲ; ಬೇಕಾದರೆ ವಾದಿಸುತ್ತೇನೆ. ಚೈನ್ ಪುಲ್ಲಿಯನ್ನು ಬರುವ ಭಾನುವಾರಕ್ಕೆ ಬಾಡಿಗೆಗೆ ಹೇಳಿದ್ದೇನೆ. ಹಿರಿಯರಿಗೆ ಫೋನು ಮಾಡಿದ್ದೆ. ಮಾಗಡಿ ರಸ್ತೆಯ ಮಗನ ಮನೆಯಿಂದ ಆಟೊದಲ್ಲಿ ಬರುತ್ತೇನೆ, ಬ್ರಾಕೆಟ್ಟುಗಳನ್ನು ಮಾತ್ರ ಗುಜರಿಗೆ ಹಾಕಬೇಡಿ, ಎತ್ತಿಡಿ ಎಂದರು.